ಮನೆಯ ಮದುವೆಗೆ ನೀವೇ ಛಾಯಾಗ್ರಾಹಕರಾದರೆ: ಕ್ಯಾಮೆರಾ ಚೀಲದ ಸಿದ್ಧತೆ

ಪ್ರಶ್ನೆ: ನಾನು ಡೊಂಬಿವಲಿಯಲ್ಲಿದ್ದೇನೆ, ನಮ್ಮ ಮೂಲ ಧಾರವಾಡದ ಕಡೆ. ಜೂನ್ ಮಧ್ಯದ ಒಂದು ಭಾನುವಾರ ಚಿಕ್ಕಪ್ಪನ ಮಗಳ ಮದುವೆ ಮುಂಬೈಯ ಮಾಟುಂಗಾದ ಒಂದು ಸಣ್ಣ ಸಭಾಗೃಹದಲ್ಲಿ ನಡೆಯಲಿದೆ. ಎರಡೂ ಕಡೆಯವರು ಸೇರಿ ಎಪ್ಪತ್ತು ಜನ. ಫೋಟೋ ತೆಗೆಯಲು ಹೊರಗಿನವರು ಬೇಡ, ನೀನೇ ತೆಗೆ ಎಂದು ಚಿಕ್ಕಪ್ಪ ಹೇಳಿದ್ದಾರೆ. ನನ್ನ ಬಳಿ ಕ್ಯಾನನ್ 200ಡಿ ಮಾರ್ಕ್ 2 ಕ್ಯಾಮೆರಾ, ಅದರೊಂದಿಗೆ ಬಂದ 18-55 ಲೆನ್ಸ್ ಮತ್ತು ಒಂದು 50 ಎಂಎಂ ಎಫ್ 1.8 ಲೆನ್ಸ್ ಇವೆ. ಪ್ರತ್ಯೇಕ ಫ್ಲ್ಯಾಶ್ ಇಲ್ಲ. ಮುಹೂರ್ತ ಬೆಳಿಗ್ಗೆ 10.40ಕ್ಕೆ. ಹೊಸ ಕ್ಯಾಮೆರಾ ಕೊಳ್ಳಬೇಕೆ, ಒಳ್ಳೆಯ ಲೆನ್ಸ್ ಬಾಡಿಗೆಗೆ ತರಬೇಕೆ? ಹೇಗೆ ತಯಾರಾಗಲಿ?

ಉತ್ತರ: ಹೊಸ ಕ್ಯಾಮೆರಾ ಕೊಳ್ಳಬೇಡಿ. ನಿಮ್ಮದು 24 ಮೆಗಾಪಿಕ್ಸೆಲ್‌ನ ಕ್ಯಾಮೆರಾ. ಆಲ್ಬಮ್ಮಿಗೂ ಗೋಡೆಗೆ ಹಾಕುವ ದೊಡ್ಡ ಚಿತ್ರಕ್ಕೂ ಅದು ಸಾಕು. ಮದುವೆಗೆ ಕೆಲವೇ ವಾರ ಇರುವಾಗ ಹೊಸ ಯಂತ್ರ ತಂದರೆ ಅದರ ಗುಂಡಿಗಳು ಬೆರಳಿಗೆ ರೂಢಿಯಾಗುವ ಮೊದಲೇ ತಾಳಿ ಕಟ್ಟಿ ಮುಗಿದಿರುತ್ತದೆ. ಕ್ಯಾಮೆರಾ ಸಾಧಾರಣದ್ದು ಎಂಬ ಕಾರಣಕ್ಕೆ ಮದುವೆಯ ಚಿತ್ರಗಳು ಕೆಡುವುದು ಅಪರೂಪ. ಬ್ಯಾಟರಿ ಮುಗಿದು, ಕಾರ್ಡ್ ಕೈಕೊಟ್ಟು, ಫ್ಲ್ಯಾಶ್ ಮಿಂಚದೆ, ಲೆನ್ಸಿನ ಮೇಲೆ ಆವಿ ಕವಿದು ಕೆಡುವುದೇ ಹೆಚ್ಚು. ಆದ್ದರಿಂದ ನಿಮ್ಮ ಹಣವನ್ನೂ ಸಮಯವನ್ನೂ ಎರಡು ಕೆಲಸಗಳಿಗೆ ಇಡಿ: ನಿಂತುಹೋಗಬಹುದಾದ ಪ್ರತಿಯೊಂದಕ್ಕೂ ಇನ್ನೊಂದು ಜೊತೆಗಿರಬೇಕು, ಜೊತೆಗಿರುವ ಪ್ರತಿಯೊಂದೂ ಆ ಸಭಾಗೃಹದ ಬೆಳಕಿನಲ್ಲೇ ಮೊದಲು ಪರೀಕ್ಷೆಯಾಗಿರಬೇಕು.

ಸಲಕರಣೆಗಳ ಮಾತಿಗೆ ಮುಂಚೆ ನಿಮ್ಮನ್ನು ಒಂದು ವಿಷಯ ಕೇಳಬೇಕು. ಹುಡುಗಿಗೆ ಸ್ವಂತ ಅಣ್ಣತಮ್ಮಂದಿರು ಇದ್ದಾರೆಯೇ? ಇಲ್ಲದಿದ್ದರೆ ಲಾಜಾಹೋಮದಲ್ಲಿ ಅವಳ ಬೊಗಸೆಗೆ ಅರಳು ಸುರಿಯಲು ಪುರೋಹಿತರು ಕರೆಯುವುದು ನಿಮ್ಮನ್ನೇ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಆ ಸ್ಥಾನದಲ್ಲಿ ನಿಲ್ಲುವುದು ನಮ್ಮ ಮನೆಗಳಲ್ಲಿ ಸಹಜ. ಆಗ ನಿಮ್ಮ ಎರಡೂ ಕೈಗಳಲ್ಲಿ ಅರಳು ಇರುತ್ತದೆ. ಕ್ಯಾಮೆರಾ ಯಾರ ಕೈಯಲ್ಲಿರುತ್ತದೆ? ಬಾಡಿಗೆಯ ಛಾಯಾಗ್ರಾಹಕನಿಗೆ ಈ ತೊಡಕಿಲ್ಲ, ಮನೆಯವರಾದ ನಿಮಗೆ ಇದೆ. ಆರತಿಗೆ, ಕಾಲು ತೊಳೆಯಲು ನೀರು ಹಿಡಿಯುವುದಕ್ಕೆ, ಹಿರಿಯರನ್ನು ಕೈಹಿಡಿದು ಕರೆತರುವುದಕ್ಕೆ ಹೀಗೆ ನಾಲ್ಕಾರು ಸಲ ನಿಮಗೆ ಕರೆ ಬರುತ್ತದೆ. ಫೋಟೋ ತೆಗೆಯುತ್ತಿದ್ದೇನೆ ಎಂದು ಆ ಕರೆಯನ್ನು ತಪ್ಪಿಸಿಕೊಳ್ಳಬೇಡಿ. ತಂಗಿಯ ಬೊಗಸೆಗೆ ನೀವು ಅರಳು ಹಾಕುವ ಚಿತ್ರ ಆ ಆಲ್ಬಮ್ಮಿನಲ್ಲಿ ಇರಲೇಬೇಕು. ಅದನ್ನು ತೆಗೆಯುವವರನ್ನು ಈಗಲೇ ಗುರುತಿಸಿ: ಹದಿನಾರು ಹದಿನೇಳು ವಯಸ್ಸಿನ, ಮೊಬೈಲಿನಲ್ಲಿ ಚೆನ್ನಾಗಿ ಚಿತ್ರ ತೆಗೆಯುವ ಒಬ್ಬ ಹುಡುಗ ಅಥವಾ ಹುಡುಗಿ ಪ್ರತಿ ಬಳಗದಲ್ಲೂ ಇದ್ದೇ ಇರುತ್ತಾರೆ. ಮದುವೆಗೆ ಮೊದಲು ಎರಡು ಭಾನುವಾರ ಅವರನ್ನು ಕೂರಿಸಿಕೊಂಡು ನಿಮ್ಮ ಕ್ಯಾಮೆರಾವನ್ನು ಕೈಗೆ ಕೊಟ್ಟು ಅಭ್ಯಾಸ ಮಾಡಿಸಿ. ಆ ದಿನ ಅವರು ಮುಟ್ಟಬೇಕಾದದ್ದು ಶಟರ್ ಗುಂಡಿ ಮತ್ತು ಝೂಮ್ ಎರಡನ್ನೇ. ಉಳಿದದ್ದೆಲ್ಲ ನೀವು ಹೊಂದಿಸಿಟ್ಟಂತೆಯೇ ಇರಬೇಕು.

ಎರಡನೆಯ ಕ್ಯಾಮೆರಾ ಬೇಕೆನ್ನುವುದಕ್ಕೆ ಇದು ಅರ್ಧ ಕಾರಣ. ಉಳಿದರ್ಧ, ಕ್ಯಾಮೆರಾ ಎಂಬ ಯಂತ್ರ ಯಾವ ಸೂಚನೆಯನ್ನೂ ಕೊಡದೆ ನಿಂತುಬಿಡಬಲ್ಲದು ಎಂಬುದು. ನಿಮ್ಮದರಲ್ಲಿ ಕಾರ್ಡ್ ಹಾಕುವ ಜಾಗವೂ ಒಂದೇ ಇದೆ; ದುಬಾರಿ ಕ್ಯಾಮೆರಾಗಳಲ್ಲಿರುವಂತೆ ಒಂದೇ ಚಿತ್ರ ಏಕಕಾಲಕ್ಕೆ ಎರಡು ಕಾರ್ಡುಗಳಿಗೆ ಹೋಗುವ ವ್ಯವಸ್ಥೆ ಇಲ್ಲ. ಹಾಗಾಗಿ ಒಂದು ದಿನದ ಮಟ್ಟಿಗೆ ಇನ್ನೊಂದು ಕ್ಯಾನನ್ ಕ್ಯಾಮೆರಾವನ್ನು ಗೆಳೆಯರಿಂದ ಕೇಳಿ ತನ್ನಿ, ಇಲ್ಲವೇ ಬಾಡಿಗೆಗೆ ತನ್ನಿ. ಬೇರೆ ಕಂಪನಿಯದು ಬೇಡ, ಅದು ಎಷ್ಟೇ ಉತ್ತಮವಾಗಿದ್ದರೂ ಬೇಡ. ನಿಮ್ಮ ಲೆನ್ಸ್‌ಗಳೂ ಫ್ಲ್ಯಾಶೂ ಎರಡಕ್ಕೂ ಹೊಂದಬೇಕು, ಗುಂಡಿಗಳು ಹೆಚ್ಚುಕಡಿಮೆ ಅದೇ ಜಾಗದಲ್ಲಿರಬೇಕು. ಕ್ಯಾನನ್‌ನಲ್ಲೂ ಒಂದು ಎಚ್ಚರ: 18-55 ಲೆನ್ಸ್ ಸಣ್ಣ ಸೆನ್ಸರ್‌ಗಾಗಿಯೇ ಮಾಡಿದ್ದು, 6ಡಿ ಮಾರ್ಕ್ 2ರಂಥ ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್‌ನ ಕ್ಯಾಮೆರಾಕ್ಕೆ ಅದು ಕೂರುವುದಿಲ್ಲ. ಎರಡನೆಯ ಕ್ಯಾಮೆರಾ ಸಿಗದೇ ಹೋದರೆ ಒಂದು ಒಳ್ಳೆಯ ಮೊಬೈಲನ್ನೇ ಆ ಕೆಲಸಕ್ಕೆ ನಿಲ್ಲಿಸಿ; ಆದರೆ ಅದರ ಜಾಗ ಖಾಲಿ ಮಾಡಿ, ಪೂರ್ತಿ ಚಾರ್ಜ್ ಮಾಡಿ, ಕರೆಗಳು ಬಾರದಂತೆ ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು, ಆ ಕೆಲಸಕ್ಕೇ ಮೀಸಲಿಡಬೇಕು. ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಮೊಬೈಲಿನ ಸಮಯಕ್ಕೆ ಸರಿಯಾಗಿ, ಸೆಕೆಂಡಿನವರೆಗೂ, ಹೊಂದಿಸಿ. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಆಮೇಲೆ ಎರಡು ಕಡೆಯ ಚಿತ್ರಗಳನ್ನು ಒಟ್ಟು ಸೇರಿಸುವಾಗ ಸಪ್ತಪದಿ ಮೊದಲು ಬಂದು ತಾಳಿ ಆಮೇಲೆ ಬರುತ್ತದೆ.

ಈಗ ಫ್ಲ್ಯಾಶ್. ನೀವು ಹಣ ಹಾಕುವುದು ಒಂದೇ ವಸ್ತುವಿನ ಮೇಲೆ ಎಂದಾದರೆ ಅದು ಫ್ಲ್ಯಾಶ್ ಆಗಿರಲಿ, ಲೆನ್ಸ್ ಅಲ್ಲ. ಕ್ಯಾಮೆರಾದ ತಲೆಯ ಮೇಲೆ ಏಳುವ ಪುಟ್ಟ ಫ್ಲ್ಯಾಶ್ ಮುಖಕ್ಕೆ ನೇರವಾಗಿ ಹೊಡೆಯುತ್ತದೆ. ಅರಿಶಿನ ಹಚ್ಚಿದ, ಬೆವರಿದ ಮುಖ ಎಣ್ಣೆ ಸುರಿದಂತೆ ಹೊಳೆಯುತ್ತದೆ, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಕೂರುತ್ತದೆ. ಅದರ ಬಲವೂ ಕಡಿಮೆ. ತಲೆ ತಿರುಗಿಸಬಹುದಾದ ಫ್ಲ್ಯಾಶ್ ತಂದು ಬೆಳಕನ್ನು ಬಿಳಿ ಛಾವಣಿಗೆ ಹೊಡೆದರೆ ಅದು ಅಲ್ಲಿಂದ ಹರಡಿ ಮೃದುವಾಗಿ ಇಳಿಯುತ್ತದೆ. ರೇಷ್ಮೆಯ ಜರಿ, ಬಾಸಿಂಗದ ಮುತ್ತು, ಮೆಹೆಂದಿಯ ಗೆರೆ ಎಲ್ಲ ಹಾಗೆಯೇ ಉಳಿಯುತ್ತವೆ. ಸಾಧಾರಣ ಲೆನ್ಸಿನ ಜೊತೆ ಛಾವಣಿಯ ಬೆಳಕು ಕೊಡುವ ಚಿತ್ರ, ದುಬಾರಿ ಲೆನ್ಸಿನ ಜೊತೆ ಟ್ಯೂಬ್‌ಲೈಟ್ ಕೊಡುವ ಚಿತ್ರಕ್ಕಿಂತ ಯಾವಾಗಲೂ ಚೆನ್ನಾಗಿರುತ್ತದೆ. ಇದನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳಬಲ್ಲೆ.

ಆದರೆ ನಿಮ್ಮ ಕ್ಯಾಮೆರಾದ ವಿಷಯದಲ್ಲಿ ಫ್ಲ್ಯಾಶ್ ಕೊಳ್ಳುವ ಮುನ್ನ ತಿಳಿದಿರಬೇಕಾದ ಒಂದು ಮಾತಿದೆ. 200ಡಿ ಮಾರ್ಕ್ 2ರ ಮೇಲ್ಭಾಗದ ಫ್ಲ್ಯಾಶ್ ಕೂರಿಸುವ ಜಾಗದಲ್ಲಿ, ಎಲ್ಲ ಕಂಪನಿಗಳ ಫ್ಲ್ಯಾಶ್‌ಗಳಿಗೂ ಸಂಕೇತ ಕೊಡುವ ನಡುವಿನ ಲೋಹದ ಬಿಂದು ಇಲ್ಲ. ಕ್ಯಾನನ್ ಅದನ್ನು ಈ ಮಾದರಿಯಲ್ಲಿ ತೆಗೆದುಹಾಕಿದೆ. ಹೀಗಾಗಿ ಕಡಿಮೆ ಬೆಲೆಯ, ಪೂರ್ತಿ ಮ್ಯಾನುಯಲ್ ಆದ ಫ್ಲ್ಯಾಶ್ ಅದರ ಮೇಲೆ ಕೂರುತ್ತದೆ, ದೀಪವೂ ಉರಿಯುತ್ತದೆ, ಆದರೆ ಗುಂಡಿ ಒತ್ತಿದರೆ ಮಿಂಚುವುದಿಲ್ಲ. ಕ್ಯಾನನ್‌ನದೇ ಸ್ಪೀಡ್‌ಲೈಟ್ ಆಗಬೇಕು, ಇಲ್ಲವೇ ಕ್ಯಾನನ್‌ನ ಇ-ಟಿಟಿಎಲ್ (ಎಷ್ಟು ಬೆಳಕು ಬೇಕೆಂದು ಕ್ಯಾಮೆರಾವೇ ಅಳೆದು ಫ್ಲ್ಯಾಶಿಗೆ ಹೇಳುವ ವ್ಯವಸ್ಥೆ) ಭಾಷೆ ಬಲ್ಲ, ಈ ಮಾದರಿಗೆ ಹೊಂದುವಂತೆ ಫರ್ಮ್‌ವೇರ್ ಎಂಬ ಒಳಗಿನ ತಂತ್ರಾಂಶ ಪಡೆದ ಗೊಡಾಕ್ಸ್‌ನಂಥ ಕಂಪನಿಯ ಫ್ಲ್ಯಾಶ್ ಆಗಬೇಕು. ಆನ್‌ಲೈನ್‌ನಲ್ಲಿ ತರಿಸುವುದಕ್ಕಿಂತ, ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿಳಿದು ಫೋರ್ಟ್‌ನ ಬೋರಾ ಬಜಾರ್ ಸುತ್ತಲಿನ ಕ್ಯಾಮೆರಾ ಅಂಗಡಿಗಳಿಗೆ ನಿಮ್ಮ ಕ್ಯಾಮೆರಾ ಸಮೇತ ಹೋಗಿ. ಅಂಗಡಿಯ ಕಟ್ಟೆಯ ಮೇಲೆಯೇ ಫ್ಲ್ಯಾಶ್ ಹಾಕಿ ಇಪ್ಪತ್ತು ಸಲ ಕ್ಲಿಕ್ ಮಾಡಿ. ಇಪ್ಪತ್ತೂ ಸಲ ಮಿಂಚಿದರೆ ಮಾತ್ರ ಹಣ ಎಣಿಸಿ. ಎರಡನೆಯ ಕ್ಯಾಮೆರಾ ಬಾಡಿಗೆಗೆ ತಂದಾಗಲೂ ಅದರ ಮೇಲೆ ಇದೇ ಪರೀಕ್ಷೆ ಮಾಡಿ.

ಇಂಥ ಹೆಚ್ಚಿನ ಫ್ಲ್ಯಾಶ್‌ಗಳಿಗೆ ಹಾಕುವುದು ನಾಲ್ಕು ಎಎ ಸೆಲ್‌ಗಳನ್ನು. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್‌ಗಳು ಇಲ್ಲಿ ನಡೆಯುವುದಿಲ್ಲ. ಅಲ್ಕಲೈನ್ ಸೆಲ್‌ಗಳು ಮೊದಲು ಚೆನ್ನಾಗಿರುತ್ತವೆ, ಬರಬರುತ್ತಾ ಒಂದು ಮಿಂಚಿಗೂ ಇನ್ನೊಂದಕ್ಕೂ ನಡುವೆ ಕಾಯುವ ಹೊತ್ತು ಹೆಚ್ಚುತ್ತದೆ, ಆ ಹೊತ್ತಿನಲ್ಲೇ ಹಾರ ಕೊರಳಿಗೆ ಬಿದ್ದಿರುತ್ತದೆ. ನಿಕೆಲ್ ಮೆಟಲ್ ಹೈಡ್ರೈಡ್ ಎಂಬ ಮರುಚಾರ್ಜ್ ಸೆಲ್‌ಗಳನ್ನು, ಎನೆಲೂಪ್‌ನಂಥವನ್ನು, ಹನ್ನೆರಡು ತನ್ನಿ: ನಾಲ್ಕು ಫ್ಲ್ಯಾಶಿನಲ್ಲಿ, ನಾಲ್ಕು ಜೇಬಿನಲ್ಲಿ, ನಾಲ್ಕು ಚೀಲದಲ್ಲಿ. ಬಳಸಿದ್ದನ್ನೂ ಬಳಸದಿದ್ದನ್ನೂ ಬೇರೆಬೇರೆ ಬಣ್ಣದ ಡಬ್ಬಿಯಲ್ಲಿಡಿ; ಗಡಿಬಿಡಿಯಲ್ಲಿ ಅವು ಬೆರೆತರೆ ಬೇರ್ಪಡಿಸುವುದು ಅಸಾಧ್ಯ. ಕ್ಯಾಮೆರಾದ ಎಲ್‌ಪಿ-ಇ17 ಬ್ಯಾಟರಿ, ಕಣ್ಣಿಟ್ಟು ನೋಡುವ ಕಿಂಡಿಯಲ್ಲೇ ಚಿತ್ರ ತೆಗೆದರೆ, ಕಂಪನಿಯ ಅಳತೆಯ ಪ್ರಕಾರ ಸುಮಾರು 1,070 ಚಿತ್ರಗಳವರೆಗೆ ಬರುತ್ತದೆ. ಹಿಂದಿನ ಪರದೆ ನೋಡುತ್ತ ತೆಗೆದರೆ ಸುಮಾರು 320ಕ್ಕೆ ಮುಗಿಯುತ್ತದೆ. ಅಭ್ಯಾಸಬಲದಿಂದ ಪರದೆಯನ್ನೇ ನೋಡುವವರಾದರೆ ಆ ಅಭ್ಯಾಸವನ್ನು ಈಗಲೇ ಬಿಡಿ, ಜೊತೆಗೆ ಇನ್ನೊಂದು ಅಸಲಿ ಬ್ಯಾಟರಿ ಕೊಳ್ಳಿ. ಬೇರೆ ಕಂಪನಿಗಳ ಎಲ್‌ಪಿ-ಇ17 ಬ್ಯಾಟರಿಗಳಲ್ಲಿ ಕೆಲವು ಕ್ಯಾನನ್ ಚಾರ್ಜರ್‌ನಲ್ಲಿ ಚಾರ್ಜ್ ಆಗುವುದೇ ಇಲ್ಲ.

ಮುಂದಿನ ಕೆಲಸ ಸಭಾಗೃಹಕ್ಕೆ ಹೋಗಿ ಬರುವುದು. ಒಂದು ವಾರ ಮೊದಲು, ಸಾಧ್ಯವಾದರೆ ಮುಹೂರ್ತದ ಹೊತ್ತಿಗೇ, ಅಂದರೆ ಹತ್ತೂವರೆಯ ಸುಮಾರಿಗೆ ಹೋಗಿ. ತಲೆಯೆತ್ತಿ ಛಾವಣಿ ನೋಡಿ. ಹತ್ತು ಹನ್ನೆರಡು ಅಡಿ ಎತ್ತರದ ಬಿಳಿ ಛಾವಣಿಯಿದ್ದರೆ ನೀವು ಅದೃಷ್ಟವಂತರು. ಹಳೆಯ ಕಟ್ಟಡದ ಎತ್ತರದ ಛಾವಣಿಯೋ, ಮರದ ಹಲಗೆಯದೋ, ಬಣ್ಣದ ಫಾಲ್ಸ್ ಸೀಲಿಂಗೋ ಆಗಿದ್ದರೆ ಬೆಳಕು ಕೆಳಗೆ ಬರುವುದಿಲ್ಲ, ಬಂದರೂ ಆ ಬಣ್ಣವನ್ನು ಹೊತ್ತೇ ಬರುತ್ತದೆ; ಆಗ ಪಕ್ಕದ ಅಥವಾ ಹಿಂದಿನ ಬಿಳಿ ಗೋಡೆಗೆ ಹೊಡೆಯಬೇಕು. ಅದೂ ಇಲ್ಲದಿದ್ದರೆ ಫ್ಲ್ಯಾಶಿನ ತಲೆಗೆ ಕಟ್ಟುವ ಬಿಳಿಯ ಹಾಳೆಯೋ ಸಣ್ಣ ಡಿಫ್ಯೂಸರೋ ಬೇಕಾಗುತ್ತದೆ. ಮಂಟಪ ಎಲ್ಲಿ ಹಾಕುತ್ತಾರೆ, ಕಿಟಕಿ ಯಾವ ದಿಕ್ಕಿಗೆ ಎಂದು ಕೇಳಿಕೊಳ್ಳಿ. ವಧೂವರರನ್ನು ಹೋಮಕ್ಕೆ ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿಸಿ ಕೂರಿಸುತ್ತಾರೆ. ಪೂರ್ವದ ಕಡೆ ಕಿಟಕಿಯಿದ್ದರೆ ಬೆಳಗಿನ ಬೆಳಕು ಮುಖಕ್ಕೆ ಬರುತ್ತದೆ, ಪಶ್ಚಿಮದ ಕಡೆಯಿದ್ದರೆ ಕಿಟಕಿ ಅವರ ಬೆನ್ನ ಹಿಂದೆ ಬಿಳಿಯಾಗಿ ಉರಿಯುತ್ತದೆ. ಈ ಒಂದು ಸಂಗತಿ ಮೊದಲೇ ಗೊತ್ತಿದ್ದರೆ ಪರದೆ ಎಳೆಸುವ ಏರ್ಪಾಡನ್ನಾದರೂ ಮಾಡಬಹುದು. ಮಂಟಪದ ಜಾಗದಲ್ಲಿ ಜೊತೆಗೆ ಬಂದವರೊಬ್ಬರನ್ನು ಕೂರಿಸಿ ಪರೀಕ್ಷೆಯ ಚಿತ್ರಗಳನ್ನು ತೆಗೆದುಕೊಂಡು ಬನ್ನಿ.

ಅಲಂಕಾರದವರೊಂದಿಗೂ ಮಾತಾಡಿ. ನೇರಳೆ, ಹಸಿರು ಎಲ್‌ಇಡಿ ದೀಪಗಳನ್ನು ಮಂಟಪಕ್ಕೆ ತಿರುಗಿಸುವುದು ಈಗಿನ ರೂಢಿ. ಮುಖದ ಮೇಲೆ ನೇರಳೆ ಬಿದ್ದರೆ ಯಾವ ತಂತ್ರಾಂಶವೂ ಅದನ್ನು ಪೂರ್ತಿ ತೊಳೆಯಲಾರದು. ಸಪ್ತಪದಿ ಮುಗಿಯುವವರೆಗೆ ಬಣ್ಣದ ದೀಪಗಳು ಬೇಡ, ಬಿಳಿಯದು ಮಾತ್ರ ಇರಲಿ ಎಂದು ಚಿಕ್ಕಪ್ಪನ ಬಾಯಿಂದಲೇ ಹೇಳಿಸಿ. ಮತ್ತೊಂದು ತಾಂತ್ರಿಕ ವಿಷಯ: ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು, ಆದ್ದರಿಂದ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಫ್ಲ್ಯಾಶ್ ಇಲ್ಲದೆ ತೆಗೆಯುವಾಗ ಶಟರ್ ವೇಗ 1/50 ಅಥವಾ 1/100 ಇದ್ದರೆ ಬೆಳಕು ಸಮವಾಗಿರುತ್ತದೆ. ಅದಕ್ಕಿಂತ ವೇಗ ಹೆಚ್ಚಿಸಿದರೆ ಒಂದು ಚಿತ್ರ ಕಪ್ಪಾಗಿ, ಮುಂದಿನದು ಹಳದಿಯಾಗಿ ಬರಬಹುದು, ಅಡ್ಡಪಟ್ಟಿಗಳೂ ಮೂಡಬಹುದು.

ಲೆನ್ಸ್ ವಿಷಯಕ್ಕೆ ಬರೋಣ. ಮಂಟಪದ ಅಗಲ ಸುಮಾರು ಹತ್ತು ಅಡಿ. ಮೂರು ಮೀಟರ್ ದೂರ ನಿಂತರೆ ನಿಮ್ಮ ಕ್ಯಾಮೆರಾದಲ್ಲಿ 18 ಎಂಎಂ ಲೆನ್ಸ್ ಸುಮಾರು 3.7 ಮೀಟರ್ ಅಗಲವನ್ನು ಹಿಡಿಯುತ್ತದೆ. ಇಡೀ ಮಂಟಪ ಒಳಗೆ ಬರುತ್ತದೆ. ಅದೇ ಜಾಗದಿಂದ 50 ಎಂಎಂ ಹಿಡಿಯುವುದು ಸುಮಾರು 1.3 ಮೀಟರ್ ಮಾತ್ರ, ಅಂದರೆ ವಧೂವರರ ಸೊಂಟದಿಂದ ಮೇಲೆ. ಸಣ್ಣ ಸಭಾಗೃಹದಲ್ಲಿ ಹಿಂದೆ ಸರಿಯಲು ಜಾಗವಿರುವುದಿಲ್ಲ, ಬೆನ್ನಿಗೆ ಯಾರದಾದರೂ ಕುರ್ಚಿ ಸಿಗುತ್ತದೆ. ಹಾಗಾಗಿ ವಿಧಿಗಳೆಲ್ಲ 18-55ರಲ್ಲೇ ನಡೆಯಲಿ. 50ರ ಕೆಲಸ ಮದುಮಗಳನ್ನು ಸಿಂಗರಿಸುವ ಕೋಣೆಯಲ್ಲಿದೆ: ಕಿಟಕಿಯ ಬೆಳಕು, ಜಡೆಗೆ ಮಲ್ಲಿಗೆ ಮುಡಿಸುವ ಚಿಕ್ಕಮ್ಮನ ಬೆರಳು, ಕನ್ನಡಿಯಲ್ಲಿನ ಮುಖ. ಅಲ್ಲಿ ಫ್ಲ್ಯಾಶ್ ಆರಿಸಿಬಿಡಿ. ಆದರೆ ಎಫ್ 1.8 ಇದೆ ಎಂದು ಸದಾ 1.8ರಲ್ಲೇ ತೆಗೆಯಬೇಡಿ (ಈ ಎಫ್ ಸಂಖ್ಯೆ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಳತೆ; ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು). ಎರಡು ಮೀಟರ್ ದೂರದಲ್ಲಿ ಆಗ ಸ್ಪಷ್ಟವಾಗಿ ಕಾಣುವ ಆಳ ಹನ್ನೊಂದು ಸೆಂಟಿಮೀಟರಿನಷ್ಟು ಮಾತ್ರ. ತಾಯಿ ಮಗಳು ಅಕ್ಕಪಕ್ಕ ನಿಂತು ಒಬ್ಬರು ಗೇಣು ಹಿಂದೆ ಸರಿದರೂ ಅವರ ಮುಖ ಮಸುಕಾಗುತ್ತದೆ. ಒಬ್ಬರೇ ಇದ್ದಾಗ 2.2, ಇಬ್ಬರಿದ್ದಾಗ 4 ಸುರಕ್ಷಿತ.

ಬಾಡಿಗೆಗೆ ಒಂದು ಲೆನ್ಸ್ ತರಲೇಬೇಕೆಂಬ ಆಸೆಯಿದ್ದರೆ ಕ್ಯಾನನ್‌ನ 17-55 ಎಂಎಂ ಎಫ್ 2.8 ತನ್ನಿ. ನಿಮ್ಮ ಲೆನ್ಸನ್ನು 55ಕ್ಕೆ ಎಳೆದಾಗ ಅದು ಎಫ್ 5.6ಕ್ಕೆ ಇಳಿಯುತ್ತದೆ, ಇದು 2.8ರಲ್ಲೇ ಉಳಿಯುತ್ತದೆ, ಅಂದರೆ ನಾಲ್ಕು ಪಟ್ಟು ಬೆಳಕು. ದೊಡ್ಡ 70-200 ಲೆನ್ಸ್ ತರುವ ಮನಸ್ಸು ಮಾಡಬೇಡಿ, ಎಪ್ಪತ್ತು ಜನರ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ. ಬಾಡಿಗೆಯ ಲೆನ್ಸನ್ನು ಮದುವೆಯ ಹಿಂದಿನ ದಿನ ಸಂಜೆಯಲ್ಲ, ಅದಕ್ಕೂ ಒಂದು ದಿನ ಮೊದಲೇ ತನ್ನಿ. ಟಾರ್ಚ್ ಹಾಕಿ ಒಳಗೆ ಬೂಷ್ಟಿನ ಎಳೆಗಳಿವೆಯೇ ನೋಡಿ, ಗೀರುಗಳಿದ್ದರೆ ಅಂಗಡಿಯವರ ಎದುರೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಠೇವಣಿಯ ರಸೀದಿ ಬರೆಸಿಕೊಳ್ಳಿ.

ಹೊಂದಿಕೆಗಳನ್ನು ಆದಷ್ಟು ಸರಳವಾಗಿಡಿ. ಎಂ (ಮ್ಯಾನುಯಲ್) ಮೋಡ್, ಶಟರ್ 1/100, ಅಪರ್ಚರ್ 5.6, ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆಯಾದ ಐಎಸ್‌ಒ 1600, ಫ್ಲ್ಯಾಶ್ ಟಿಟಿಎಲ್‌ನಲ್ಲಿ ಛಾವಣಿಗೆ: ಹೆಚ್ಚಿನ ಸಭಾಗೃಹಗಳಲ್ಲಿ ಇದು ಒಳ್ಳೆಯ ಆರಂಭ. ಐಎಸ್‌ಒ ಅನ್ನು ಆಟೋ ಬಿಟ್ಟು ನೀವೇ ನಿಗದಿ ಮಾಡಿ, ಇಲ್ಲದಿದ್ದರೆ ಫ್ಲ್ಯಾಶ್ ಹಾಕಿದ ಕೂಡಲೇ ಕ್ಯಾಮೆರಾ ಅದನ್ನು ಇಳಿಸಿ ಹಿನ್ನೆಲೆಯನ್ನು ಕತ್ತಲು ಮಾಡುತ್ತದೆ. ಅಕ್ಷತೆ ಬೀಳುವಾಗ ಕಾಳುಗಳು ಗಾಳಿಯಲ್ಲಿ ನಿಂತಂತೆ ಬೇಕಾದರೆ ಶಟರನ್ನು 1/200ಕ್ಕೆ ಏರಿಸಿ. ಫ್ಲ್ಯಾಶಿನ ಜೊತೆ ನಿಮ್ಮ ಕ್ಯಾಮೆರಾದ ಮಿತಿ ಅದೇ. ಚಿತ್ರಗಳನ್ನು ರಾ ಮತ್ತು ಜೆಪೆಗ್ ಎರಡರಲ್ಲೂ ಉಳಿಸಿ. ಸಂಜೆಯೇ ಬಳಗಕ್ಕೆ ಕಳುಹಿಸಲು ಜೆಪೆಗ್, ಬಣ್ಣ ತಿದ್ದಲು ರಾ ಎಂಬ ಸಂಸ್ಕರಿಸದ ಕಡತ. ರೆಡ್ ಐ ತಡೆಯುವ ದೀಪವನ್ನು ಆರಿಸಿ, ಅದು ಕ್ಲಿಕ್ಕನ್ನು ತಡಮಾಡುತ್ತದೆ. ಬೀಪ್ ಶಬ್ದವನ್ನೂ ಆರಿಸಿ, ಮಂತ್ರದ ನಡುವೆ ಅದು ಕೇಳಬಾರದು.

ಹೋಮದ ಹೊಗೆ ಎದ್ದಾಗ ಫ್ಲ್ಯಾಶ್ ಶತ್ರುವಾಗುತ್ತದೆ, ಏಕೆಂದರೆ ಬೆಳಕು ಹೊಗೆಗೆ ಬಡಿದು ಇಡೀ ಚಿತ್ರ ಬೆಳ್ಳಗಾಗುತ್ತದೆ. ಆಗ ಫ್ಲ್ಯಾಶ್ ಆರಿಸಿ, ಐಎಸ್‌ಒ 3200ಕ್ಕೆ ಏರಿಸಿ, ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು ಹೊಗೆ ನಿಮ್ಮಿಂದ ಆಚೆ ಹೋಗುವ ಬದಿಯಲ್ಲಿ ನಿಲ್ಲಿ. ಹೋಮಕುಂಡದ ಹತ್ತಿರ ಲೆನ್ಸ್ ಬದಲಾಯಿಸಬೇಡಿ. ಬೂದಿ ಸೆನ್ಸರ್ ಮೇಲೆ ಕೂತರೆ ಮುಂದಿನ ಪ್ರತಿ ಚಿತ್ರದಲ್ಲೂ ಚುಕ್ಕೆ. ಅಗ್ಗದ ಯುವಿ ಫಿಲ್ಟರ್ ಇದ್ದರೆ ಆರತಿಯ ಹೊತ್ತಿಗೆ ಬಿಚ್ಚಿಡಿ, ಜ್ಯೋತಿಯ ಪ್ರತಿಬಿಂಬ ಮದುಮಗಳ ಹಣೆಯ ಮೇಲೆ ಹಸಿರು ಚುಕ್ಕೆಯಾಗಿ ಕೂರುತ್ತದೆ. ಲೆನ್ಸ್ ಕಾಪಾಡಲು ಹುಡ್ ಸಾಕು, ಆದರೆ ಪುಟ್ಟ ಫ್ಲ್ಯಾಶ್ ಬಳಸುವ ಅನಿವಾರ್ಯ ಬಂದರೆ ಹುಡ್ ತೆಗೆಯಿರಿ; ಅದರ ನೆರಳು ಚಿತ್ರದ ಕೆಳಭಾಗದಲ್ಲಿ ಬೀಳುತ್ತದೆ. ಗಾಳಿ ಊದುವ ರಬ್ಬರ್ ಬ್ಲೋಯರ್, ಎರಡು ಮೈಕ್ರೋಫೈಬರ್ ಬಟ್ಟೆ ಚೀಲದಲ್ಲಿರಲಿ. ಅರಿಶಿನ ಕುಂಕುಮದ ಪುಡಿ ಲೆನ್ಸ್ ಮೇಲೆ ಬಿದ್ದರೆ ಮೊದಲು ಊದಿ, ಆಮೇಲೆ ಒರೆಸಿ.

ಅಂತರಪಟ ಸರಿಯುವ ಗಳಿಗೆಗೆ ವಿಶೇಷ ತಯಾರಿ ಬೇಕು. ನಿಮ್ಮ ಕಡೆಯ ಮದುವೆಗಳಲ್ಲಿ ಮಂಗಳಾಷ್ಟಕದ ಪ್ರತಿ ಶ್ಲೋಕದ ಕೊನೆಗೆ ‘ಸಾವಧಾನ’ ಎನ್ನುತ್ತಾರೆ, ಅಕ್ಷತೆ ಬೀಳುತ್ತದೆ. ಒಟ್ಟು ಎಷ್ಟು ಶ್ಲೋಕ ಹೇಳುತ್ತೀರಿ ಎಂದು ಪುರೋಹಿತರನ್ನು ಮೊದಲೇ ಕೇಳಿಕೊಳ್ಳಿ. ಕೆಲವರು ಮನೆಯವರು ಬರೆದ ಪದ್ಯಗಳನ್ನೂ ಸೇರಿಸುತ್ತಾರೆ. ಕೊನೆಯದು ಶುರುವಾದಾಗ ಪಟಕ್ಕೆ ಪಕ್ಕದಿಂದ, ಇಬ್ಬರ ಮುಖವೂ ಕಾಣುವ ಕೋನದಲ್ಲಿ ನಿಂತು, ಲೆನ್ಸ್ 24ರ ಆಸುಪಾಸಿನಲ್ಲಿಟ್ಟು, ಹುಡುಗಿಯ ಕಣ್ಣಿಗೆ ಫೋಕಸ್ ಮಾಡಿ ಗುಂಡಿಯನ್ನು ಅರ್ಧ ಒತ್ತಿ ಹಿಡಿಯಿರಿ. ವಾದ್ಯ ಜೋರಾಗುತ್ತದೆ, ಪಟ ಇಳಿಯುತ್ತದೆ, ಇಬ್ಬರೂ ಒಬ್ಬರನ್ನೊಬ್ಬರು ನೋಡುವುದು ಒಂದೆರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ಫ್ಲ್ಯಾಶ್ ಮತ್ತೆ ಮತ್ತೆ ಮಿಂಚಲು ಸೆಲ್‌ಗಳು ಹೊಸದಾಗಿ ಚಾರ್ಜ್ ಆಗಿರಬೇಕು. ಮಂಗಳಾಷ್ಟಕ ಶುರುವಾಗುವ ಮುಂಚೆಯೇ ಬದಲಾಯಿಸಿಬಿಡಿ. ತಾಳಿ ಕಟ್ಟುವಾಗಿನ ಕಷ್ಟ ಬೇರೆ: ಬಂಧುಗಳೆಲ್ಲ ಮೊಬೈಲ್ ಹಿಡಿದು ಮಂಟಪದ ಮುಂದೆ ಬಂದುಬಿಡುತ್ತಾರೆ. ಪ್ಲಾಸ್ಟಿಕ್‌ನ ಒಂದು ಗಟ್ಟಿ ಸ್ಟೂಲ್ ಮೊದಲೇ ಇರಿಸಿಕೊಳ್ಳಿ, ಅದರ ಮೇಲಿಂದ ತಲೆಗಳಾಚೆ ಕಾಣುತ್ತದೆ. ನಿಮ್ಮ ಸಹಾಯಕರನ್ನು ಎರಡನೆಯ ಕ್ಯಾಮೆರಾದೊಂದಿಗೆ ಮಂಟಪದ ಒಳಗೆ, ಪುರೋಹಿತರ ಬೆನ್ನ ಹಿಂದೆ ಕೂರಿಸಿ.

ಕಾರ್ಡ್‌ಗಳು 64 ಜಿಬಿಯ ಮೂರು ಸಾಕು, ಪರಿಚಿತ ಅಂಗಡಿಯಿಂದ, ಬಿಲ್ ಸಮೇತ. ರಸ್ತೆಬದಿಯಲ್ಲಿ ನಕಲಿ ಕಾರ್ಡ್‌ಗಳು ಧಾರಾಳವಾಗಿ ಸಿಗುತ್ತವೆ. ಹೊರಗೆ 64 ಎಂದು ಬರೆದಿದ್ದು ಒಳಗೆ ಅದರ ಕಾಲುಭಾಗವೂ ಇರುವುದಿಲ್ಲ, ತುಂಬಿದ ಮೇಲೆ ಬರೆದದ್ದೆಲ್ಲ ಕಳೆದುಹೋಗುತ್ತದೆ. ಪ್ರತಿ ಕಾರ್ಡನ್ನೂ ಒಮ್ಮೆ ಪೂರ್ತಿ ತುಂಬಿಸಿ, ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಮದುವೆಯ ದಿನ ಊಟದ ಪಂಕ್ತಿ ಕೂತ ಶಾಂತ ಹೊತ್ತಿನಲ್ಲಿ ಮೊದಲ ಕಾರ್ಡ್ ತೆಗೆದು ನಿಮ್ಮ ತಾಯಿಯ ಕೈಚೀಲಕ್ಕೆ ಹಾಕಿ. ನಿಮ್ಮ ಚೀಲ ಕಳೆದರೂ ತಾಳಿಯ ಚಿತ್ರ ಉಳಿಯುತ್ತದೆ.

ಇನ್ನು ಮಳೆ. ಜೂನ್ ಮಧ್ಯ ಎಂದರೆ ಮುಂಬೈಗೆ ಮುಂಗಾರು ಕಾಲಿಡುವ ಹೊತ್ತು, ಗಾಳಿಯಲ್ಲಿ ತೇವ ತುಂಬಿರುತ್ತದೆ. ಹೊರಗೆ 29 ಡಿಗ್ರಿ, ತೇವಾಂಶ ಶೇಕಡಾ 85 ಇದ್ದರೆ 26 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ಮದುಮಗಳ ಎಸಿ ಕೋಣೆಯಲ್ಲಿ 24 ಡಿಗ್ರಿಗೆ ಇಳಿದ ಲೆನ್ಸನ್ನು ಹೊರಗೆ ತಂದ ಕೂಡಲೇ ಅದು ಕುರುಡಾಗುತ್ತದೆ. ಒರೆಸಿದರೆ ಮತ್ತೆ ಕವಿಯುತ್ತದೆ. ಒರೆಸುವುದು ಪರಿಹಾರವಲ್ಲ, ಗಾಜು ಬೆಚ್ಚಗಾಗಬೇಕು. ಕ್ಯಾಮೆರಾವನ್ನು ಎಸಿ ಕೋಣೆಯಲ್ಲೇ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ, ಹೊರಗೆ ತಂದು ಅರ್ಧ ಗಂಟೆ ಹಾಗೇ ಬಿಡಿ. ನೀರು ಚೀಲದ ಹೊರಮೈಗೆ ಕೂರುತ್ತದೆ, ಗಾಜಿಗಲ್ಲ. ಮುಹೂರ್ತಕ್ಕೆ ಅರ್ಧ ಗಂಟೆ ಮೊದಲೇ ಆ ಕೋಣೆಯ ಕೆಲಸ ಮುಗಿಸಬೇಕೆಂಬುದಕ್ಕೆ ಇದೇ ಕಾರಣ. ಇಲ್ಲವಾದರೆ ಆ ಕೋಣೆಗೆ ಒಂದು ಕ್ಯಾಮೆರಾ, ಮಂಟಪಕ್ಕೆ ಇನ್ನೊಂದು ಎಂದು ಹಂಚಿಬಿಡಿ. ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ ಇದು.

ಭಾನುವಾರ ಎಂದಿದ್ದೀರಿ. ದುರಸ್ತಿಗಾಗಿ ಲೋಕಲ್ ಸಂಚಾರ ತಡೆಯುವ ಮಧ್ಯ ರೈಲ್ವೆಯ ಮೆಗಾ ಬ್ಲಾಕ್ ನಿಮಗೆ ಹೊಸದಲ್ಲ, ಅದೂ ಮಾಟುಂಗಾ–ಮುಲುಂಡ್ ನಡುವೆಯೇ ಆಗಾಗ ಇರುತ್ತದೆ. ಬ್ಲಾಕ್ ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ ಶುರುವಾಗುವುದರಿಂದ ಬೆಳಿಗ್ಗೆ ತೊಂದರೆಯಿಲ್ಲ ಎನ್ನಿಸಬಹುದು, ಆದರೆ ಜೋರು ಮಳೆ ಬಂದರೆ ಲೋಕಲ್ ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು, ಕಿಂಗ್ಸ್ ಸರ್ಕಲ್ ಪಕ್ಕದ ಗಾಂಧಿ ಮಾರ್ಕೆಟ್ ಬಳಿ ರಸ್ತೆಯಲ್ಲೂ ನೀರು ನಿಲ್ಲುತ್ತದೆ. ಹಿಂದಿನ ರಾತ್ರಿಯೇ ಸಲಕರಣೆ ಸಮೇತ ಮಾಟುಂಗಾ, ವಡಾಲಾ, ಸಯನ್ ಕಡೆಯ ಯಾವುದಾದರೂ ಬಂಧುಗಳ ಮನೆಗೆ ಬಂದುಬಿಡಿ. ಬೆಳಿಗ್ಗೆ ಬೇಗ ಎದ್ದರೆ ಮಾಟುಂಗಾ ಸ್ಟೇಷನ್ ಹೊರಗಿನ ಹೂವಿನ ಅಂಗಡಿಗಳಲ್ಲಿ ಹಾರ ತರುವ ಮಾವನ ಚಿತ್ರವೂ ಸಿಗುತ್ತದೆ. ಚೀಲದೊಳಗೆ ಪ್ರತಿಯೊಂದೂ ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿರಲಿ, ಹೊರಗೆ ಮಳೆಗವಚ ಇರಲಿ.

ಉಡುಪಿನ ಬಗ್ಗೆಯೂ ಯೋಚಿಸಿ, ಇದೂ ಸಿದ್ಧತೆಯೇ. ಅರಳು ಹಾಕಲು ಪಂಚೆ ಉಟ್ಟು ನಿಲ್ಲಬೇಕಾದರೆ ಪಂಚೆಗೆ ಜೇಬಿಲ್ಲ. ಸೆಲ್, ಕಾರ್ಡ್, ಬ್ಯಾಟರಿಗೆ ಸೊಂಟಕ್ಕೆ ಕಟ್ಟುವ ಪುಟ್ಟ ಚೀಲ ಬೇಕು. ಮಂಟಪದಲ್ಲಿ ಚಪ್ಪಲಿ ಇಲ್ಲ, ನೆಲದಲ್ಲಿ ನೀರು, ತುಪ್ಪ, ಅಕ್ಷತೆ ಇರುತ್ತವೆ; ಕಾಲು ಜಾರುವುದು ಅಲ್ಲೇ. ಕ್ಯಾಮೆರಾದ ಪಟ್ಟಿ ಸದಾ ಕೊರಳಲ್ಲಿರಲಿ.

ಗುಂಪು ಚಿತ್ರಗಳಿಗೆ ಹೆಚ್ಚು ಹೇಳುವುದಿಲ್ಲ. ಯಾರು ಯಾರ ಜೊತೆ ನಿಲ್ಲಬೇಕೆಂಬ ಪಟ್ಟಿಯನ್ನು ಚಿಕ್ಕಮ್ಮನಿಂದ ಬರೆಸಿಕೊಳ್ಳಿ, ಹೆಸರು ಕೂಗುವ ಕೆಲಸ ಇನ್ನೊಬ್ಬರಿಗೆ ಕೊಡಿ, ಎರಡು ಸಾಲಾದರೆ ಅಪರ್ಚರ್ 8, ಪ್ರತಿ ಗುಂಪಿಗೂ ನಾಲ್ಕು ಕ್ಲಿಕ್. 18 ಎಂಎಂನಲ್ಲಿ ಅಂಚಿನವರ ಮುಖ ಹಿಗ್ಗುತ್ತದೆ, ಹಿರಿಯರನ್ನು ನಡುವೆ ಕೂರಿಸಿ. ನಡೆಯಲಾಗದ ಅಜ್ಜ ಅಜ್ಜಿಯರ ಚಿತ್ರವನ್ನು ಎಲ್ಲಕ್ಕಿಂತ ಮೊದಲು, ಅವರು ದಣಿಯುವ ಮುನ್ನ ತೆಗೆಯಿರಿ.

ಮದುವೆ ಮುಗಿದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಕಾರ್ಡ್‌ಗಳನ್ನು ಲ್ಯಾಪ್‌ಟಾಪಿಗೂ ಒಂದು ಹೊರಗಿನ ಡಿಸ್ಕಿಗೂ ಇಳಿಸಿ ಮಲಗಿ. ಡಿಸ್ಕ್ ಚಿಕ್ಕಪ್ಪನ ಮನೆಯಲ್ಲಿರಲಿ, ನಿಮ್ಮ ಮನೆಯಲ್ಲಲ್ಲ. ಆಲ್ಬಮ್ ಅಚ್ಚಾಗಿ ಬರುವವರೆಗೆ ಮೂರೂ ಕಾರ್ಡ್‌ಗಳನ್ನು ಫಾರ್ಮ್ಯಾಟ್ ಮಾಡಬೇಡಿ. ತೇವ ಕುಡಿದ ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್‌ಗಳನ್ನು ಬಟ್ಟೆಯ ಚೀಲದೊಳಗೇ ಬಿಟ್ಟರೆ ಮುಂಬೈಯ ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆ; ಒಂದು ದಿನ ಫ್ಯಾನಿನ ಗಾಳಿಗೆ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕಿತ್ತಳೆ ಬಣ್ಣದ ಹರಳುಗಳನ್ನು ಕೊಳ್ಳಿ. ನೀಲಿಯವುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುತ್ತದೆ, ಅವನ್ನು ಒಣಗಿಸಲು ಅಡುಗೆಯ ಬಾಣಲೆ ಬಳಸಬಾರದು. ಡಬ್ಬಿಯೊಳಗೆ ಒಂದು ಪುಟ್ಟ ತೇವಮಾಪಕ ಹಾಕಿ. ಮುಳ್ಳು 40ರಿಂದ 50ರ ನಡುವೆ ಇರಬೇಕು, 60 ದಾಟಿದರೆ ಹರಳುಗಳನ್ನು ಬದಲಾಯಿಸಿ.